ಬ್ರೆಡ್ಡಿಗೆ ತಕ್ಕ ಟಿನ್ನು

ಬ್ರೆಡ್ ಟಿನ್ನಿಗೆ ಎರಡು ಕೆಲಸ. ಮೆತ್ತಗಿನ ಹಿಟ್ಟು ಅಗಲಕ್ಕೆ ಹರಡದಂತೆ ತಡೆದು ಎತ್ತರಕ್ಕೆ ಏರಿಸುವುದು ಒಂದು. ಓವನ್ನಿನ ಕಾವನ್ನು ಹಿಟ್ಟಿನ ತಳಕ್ಕೂ ಪಕ್ಕಗಳಿಗೂ ಮುಟ್ಟಿಸುವುದು ಇನ್ನೊಂದು. ಮನೆಯಲ್ಲಿ ಬ್ರೆಡ್ ಮಾಡುವವರು ಹಿಟ್ಟು, ಯೀಸ್ಟ್, ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಟಿನ್ನನ್ನು ಮಾತ್ರ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುತ್ತಾರೆ. ಮೇಲ್ಭಾಗ ಕೆಂಪಾದರೂ ಪಕ್ಕಗಳು ಬಿಳಿಚಿಕೊಂಡು ಒದ್ದೆಯಾಗಿರುವುದು, ತಳ ಸೀದರೂ ನಡುವೆ ಹಸಿ ಉಳಿಯುವುದು, ಆರುವಾಗ ಸೊಂಟ ಕುಸಿಯುವುದು, ಬ್ರೆಡ್ ಇಟ್ಟಿಗೆಯಷ್ಟೇ ಎತ್ತರಕ್ಕೆ ನಿಂತುಬಿಡುವುದು ಇವನ್ನೆಲ್ಲ ಹಿಟ್ಟಿನ ತಪ್ಪೆಂದೇ ಎಣಿಸುವುದು ವಾಡಿಕೆ. ಎಷ್ಟೋ ಸಲ ತಪ್ಪು ಟಿನ್ನಿನದು: ಅದರ ಲೋಹ, ಬಣ್ಣ, ಅಳತೆ, ಇಲ್ಲವೇ ಅದನ್ನು ಓವನ್ನಿನಲ್ಲಿ ಇಟ್ಟ ಜಾಗ.

ಆಸರೆಯ ಮಾತು ನಮ್ಮ ಹಿಟ್ಟಿಗೆ ಹೆಚ್ಚು ಅನ್ವಯಿಸುತ್ತದೆ. ಅಮೆರಿಕ, ಕೆನಡಾಗಳಲ್ಲಿ ಬ್ರೆಡ್ಡಿಗೆಂದೇ ಮಾರುವ ಹಿಟ್ಟಿನಲ್ಲಿ ಪ್ರೋಟೀನ್ ಶೇ 12ರಿಂದ 13ರಷ್ಟಿರುತ್ತದೆ. ಇಲ್ಲಿನ ಸಾಮಾನ್ಯ ಮೈದಾದಲ್ಲಿ ಅದು ಶೇ 10ರ ಆಸುಪಾಸು. ಚಕ್ಕಿ ಗೋಧಿ ಹಿಟ್ಟಿನಲ್ಲಿ ಪ್ರೋಟೀನ್ ಇದ್ದರೂ ತೌಡಿನ ಚೂರುಗಳು ಆ ಪ್ರೋಟೀನ್ ಹೆಣೆದು ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಬೀಸುವಾಗ ಒಡೆದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ. ಇಂಥ ಹಿಟ್ಟು ತಟ್ಟೆಯ ಮೇಲೆ ತಾನಾಗಿ ಗುಂಡಗೆ ನಿಲ್ಲುವುದು ಕಷ್ಟ. ಟಿನ್ನಿನ ಗೋಡೆ ಹಿಡಿದು ಮೇಲೇರುವುದು ಅದಕ್ಕೆ ಸುಲಭ. ಹೀಗಾಗಿ ಹೊಸದಾಗಿ ಬ್ರೆಡ್ ಕಲಿಯುವವರು ಗುಂಡು ಬ್ರೆಡ್ಡಿಗಿಂತ ಟಿನ್ ಬ್ರೆಡ್ಡಿನಿಂದ ಶುರುಮಾಡುವುದು ಒಳ್ಳೆಯದು.

ಕಾವಿನ ದಾರಿ

ಓವನ್ನಿನೊಳಗೆ ಕಾವು ಮೂರು ದಾರಿಯಲ್ಲಿ ಬರುತ್ತದೆ: ಕೆಂಪಗೆ ಕಾದ ಕಾಯಿಲ್‌ನಿಂದ ನೇರ ವಿಕಿರಣವಾಗಿ, ಬಿಸಿ ಗಾಳಿಯ ಮೂಲಕ, ಟಿನ್ ಕುಳಿತ ತಂತಿ ಜಾಲರಿ ಅಥವಾ ತಟ್ಟೆಯ ಸ್ಪರ್ಶದಿಂದ. ಹಿಟ್ಟಿನೊಳಗೆ ನೀರು ಇರುವವರೆಗೆ ಬ್ರೆಡ್ಡಿನ ಒಳಭಾಗ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. 60 ಡಿಗ್ರಿಯ ಹೊತ್ತಿಗೆ ಯೀಸ್ಟ್ ಸತ್ತಿರುತ್ತದೆ. ಅಲ್ಲಿಂದ ಮೇಲೆ ಪಿಷ್ಟ ನೀರು ಹೀರಿ ಗಟ್ಟಿಯಾಗಿ ಬ್ರೆಡ್ಡಿನ ಒಡಲು ನಿಲ್ಲುತ್ತದೆ. ಹೊರಪದರದ ಕಥೆ ಬೇರೆ. ಅಲ್ಲಿ ನೀರು ಆರಿ ಉಷ್ಣತೆ 140 ಡಿಗ್ರಿ ದಾಟಿದಾಗ ಕಂದು ಬಣ್ಣವೂ ಸುವಾಸನೆಯೂ ಚೆನ್ನಾಗಿ ಹುಟ್ಟುತ್ತವೆ. ಮೇಲ್ಭಾಗಕ್ಕೆ ಓವನ್ನಿನ ಕಾವು ನೇರವಾಗಿ ತಾಗುತ್ತದೆ. ಉಳಿದ ಐದು ಮುಖಗಳಿಗೆ ತಾಗುವುದು ಟಿನ್ ಬಿಟ್ಟುಕೊಟ್ಟಷ್ಟೇ.

ಟಿನ್ ಬೇಗ ಕಾದರೆ ಪಕ್ಕಗಳು ಗಟ್ಟಿಯಾಗಿ ನಿಂತು ಬ್ರೆಡ್ಡಿನ ಭಾರ ಹೊರುತ್ತವೆ. ತೀರಾ ಬೇಗ ಕಾದರೆ ನಡುಭಾಗ ಉಬ್ಬುವ ಮೊದಲೇ ಪಕ್ಕ ಬಿಗಿದುಕೊಂಡು ಮೇಲ್ಭಾಗ ಬಿರಿಯುತ್ತದೆ. ನಿಧಾನವಾಗಿ ಕಾದರೆ ಮೇಲ್ಭಾಗ ಕೆಂಪಾಗಿ ಬ್ರೆಡ್ ಬೆಂದಂತೆ ಕಂಡರೂ ಪಕ್ಕ ಎಳಸಾಗಿಯೇ ಇರುತ್ತದೆ; ಹೊರಗೆ ತೆಗೆದ ಹತ್ತು ನಿಮಿಷದಲ್ಲಿ ಒಳಕ್ಕೆ ಜಗ್ಗುತ್ತದೆ. ಒಳ್ಳೆಯ ಟಿನ್ ಎಂದರೆ ಈ ಎರಡರ ನಡುವಿನ ವೇಗದಲ್ಲಿ, ಎಲ್ಲ ಕಡೆಯೂ ಒಂದೇ ಸಮನಾಗಿ ಕಾಯುವುದು.

ಲೋಹ, ಗಾಜು, ಸಿಲಿಕೋನ್

ಮನೆಬಳಕೆಗೆ ಅಗ್ಗವಾಗಿ, ಸುಲಭವಾಗಿ ಸಿಗುವುದು ಅಲ್ಯೂಮಿನಿಯಂ ಟಿನ್. ಕಾವು ಸಾಗಿಸುವುದರಲ್ಲಿ ಅದು ಸಾದಾ ಉಕ್ಕಿಗಿಂತ ಸುಮಾರು ನಾಲ್ಕು ಪಟ್ಟು, ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕು. ಓವನ್ನಿನ ಒಂದು ಮೂಲೆ ಹೆಚ್ಚು ಕಾದರೂ ಅಲ್ಯೂಮಿನಿಯಂ ಆ ಕಾವನ್ನು ತನ್ನ ಮೈಯೆಲ್ಲ ಹಂಚಿಬಿಡುತ್ತದೆ. ಹಾಗಾಗಿ ಒಂದೇ ಕಡೆ ಸೀಯುವುದು ಕಡಿಮೆ. ಹಗುರ, ತುಕ್ಕು ಹಿಡಿಯುವುದಿಲ್ಲ. ಹುಳಿ ಹಿಟ್ಟಿನ ಬ್ರೆಡ್, ಮೊಸರು ಹಾಕಿದ ಬ್ರೆಡ್ ಮಾಡುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಹುಳಿ ಪದಾರ್ಥ ಬರಿಯ ಅಲ್ಯೂಮಿನಿಯಂ ಜೊತೆ ಬಹಳ ಹೊತ್ತು ಇದ್ದರೆ ಲೋಹದ ಮೈ ಮಂಕಾಗುತ್ತದೆ, ರುಚಿಯೂ ಕೆಡಬಹುದು. ಒಂದೆರಡು ಗಂಟೆ ಉಬ್ಬಿಸಿ ಬೇಯಿಸುವುದಕ್ಕೆ ತೊಂದರೆಯಿಲ್ಲ. ಇಡೀ ರಾತ್ರಿ ಫ್ರಿಜ್ಜಿನಲ್ಲಿ ಇಡುವುದಾದರೆ ಟಿನ್ನಿಗೆ ಬೇಕಿಂಗ್ ಪೇಪರ್ ಹಾಸಬೇಕು, ಅಥವಾ ಆನೋಡೈಸ್ ಮಾಡಿದ ಟಿನ್ ಬಳಸಬೇಕು. ಆನೋಡೈಸ್ ಮಾಡಿದ ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಇರುವುದರಿಂದ ಹುಳಿ ತಾಗುವುದಿಲ್ಲ.

ದೊಡ್ಡ ಬೇಕರಿಗಳು ಹೆಚ್ಚಾಗಿ ನೆಚ್ಚುವುದು ಅಲ್ಯೂಮಿನಿಯಂ ಲೇಪಿಸಿದ ಉಕ್ಕಿನ ಟಿನ್ನುಗಳನ್ನು. ಒಳಗಿನ ಉಕ್ಕು ಬಿಗಿ ಕೊಡುತ್ತದೆ. ಮೇಲಿನ ಲೇಪ ತುಕ್ಕು ತಡೆಯುತ್ತದೆ. ಬಿದ್ದರೂ ಬೇಗ ನೆಗ್ಗುವುದಿಲ್ಲ, ಬಿಸಿಗೆ ಸೊಟ್ಟಗಾಗುವುದಿಲ್ಲ. ಹಳೆಯ ಕಾಲದ ತಗಡಿನ ಟಿನ್ನುಗಳಲ್ಲಿ ಉಕ್ಕಿನ ಮೇಲಿರುವುದು ತವರದ ಲೇಪ. ತವರ ಕರಗುವುದು 232 ಡಿಗ್ರಿಯಲ್ಲಿ. ಹಿಟ್ಟು ತುಂಬಿದ ಟಿನ್ ಅಷ್ಟು ಬಿಸಿಯೇರುವುದು ಅಪರೂಪ. ಬರಿದಾದ ಟಿನ್ನನ್ನು ಪೂರ್ತಿ ಕಾದ ಓವನ್ನಿನಲ್ಲಿ ಮರೆತರೆ ಲೇಪ ಹಾಳಾಗುತ್ತದೆ.

ಲೇಪವಿಲ್ಲದ ಕಾರ್ಬನ್ ಸ್ಟೀಲ್ ಟಿನ್ ದೋಸೆ ಕಾವಲಿಯ ಜಾತಿಯದು: ಪಳಗಿಸದೆ ಬಳಸಿದರೆ ಕಚ್ಚಿಕೊಳ್ಳುತ್ತದೆ, ಪಳಗಿದ ಮೇಲೆ ಕೈಬಿಡುವುದಿಲ್ಲ. ಹೊಸದನ್ನು ತೊಳೆದು ಒರೆಸಿ, ಎಣ್ಣೆಯ ತೆಳು ಪದರ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆದು, 200 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಕಾಯಿಸಿ ಓವನ್ನಿನಲ್ಲೇ ಆರಲು ಬಿಡಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಮೈ ಕಪ್ಪಾಗಿ ನುಣುಪಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಟಿನ್ ನೋಡಲು ಚೆಂದ, ಹುಳಿಗೂ ತುಕ್ಕಿಗೂ ಬಗ್ಗದು. ಆದರೆ ಕಾವನ್ನು ಮೈಯೆಲ್ಲ ಹಂಚುವುದರಲ್ಲಿ ಹಿಂದೆ. ಅದರಲ್ಲಿ ಬೆಂದ ಬ್ರೆಡ್ಡಿನ ಪಕ್ಕ ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕಂದು ಆಗಿರುತ್ತದೆ.

ನಾನ್‌ಸ್ಟಿಕ್ ಎಂದು ಮಾರುವ ಟಿನ್ನುಗಳಲ್ಲಿ ಹೆಚ್ಚಿನವು ತೆಳು ಉಕ್ಕಿನ ಮೇಲೆ ಪಿಟಿಎಫ್‌ಇ ಲೇಪ ಬಳಿದವು. ಈ ಲೇಪವನ್ನು 260 ಡಿಗ್ರಿಯವರೆಗೆ ಬಳಸಬಹುದು. ಮನೆಯ ಓವನ್ನಿನಲ್ಲಿ ಬ್ರೆಡ್ ಬೇಯುವುದು ಅದಕ್ಕಿಂತ ಕೆಳಗೆ. ಬರಿ ಟಿನ್ನನ್ನು ಅತಿಯಾಗಿ ಕಾಯಿಸಿದರೆ ಲೇಪ ಒಡೆದು ಕೆಟ್ಟ ಹೊಗೆ ಬಿಡುತ್ತದೆ. ಪಂಜರದ ಹಕ್ಕಿಗಳಿಗೆ ಆ ಹೊಗೆ ಪ್ರಾಣಾಂತಿಕ. ಲೇಪ ಗೀರಿ ಎದ್ದ ಟಿನ್ನನ್ನು ಕಾಗದ ಹಾಸದೆ ಬಳಸಬಾರದು. ಅಗ್ಗದ ನಾನ್‌ಸ್ಟಿಕ್ ಟಿನ್ನಿನಲ್ಲಿ ಲೇಪದ ತೊಂದರೆಗಿಂತ ತಗಡು ತೆಳ್ಳಗಿರುವುದೇ ದೊಡ್ಡ ದೋಷ.

ಗಾಜಿನ ಪಾತ್ರೆಯಲ್ಲಿ ಬೇಯಿಸುವ ಪದ್ಧತಿ 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಪೈರೆಕ್ಸ್ ಹೆಸರಿನ ಅಡುಗೆ ಪಾತ್ರೆಗಳನ್ನು ಮಾರುಕಟ್ಟೆಗೆ ತಂದ ಮೇಲೆ ಹಬ್ಬಿತು. ಆಗಿನ ಆ ಪಾತ್ರೆಗಳ ಬೋರೋಸಿಲಿಕೇಟ್ ಗಾಜು ಬಿಸಿಯಾದಾಗ ಹಿಗ್ಗುವುದು ಸಾಮಾನ್ಯ ಗಾಜಿನ ಸುಮಾರು ಮೂರನೇ ಒಂದು ಪಾಲಷ್ಟೇ. ಆದ್ದರಿಂದ ಬೇಗ ಬಿರುಕು ಬಿಡುವುದಿಲ್ಲ. ಬ್ರೆಡ್ಡಿನ ಪಕ್ಕ ಕೆಂಪಾಗುವುದನ್ನು ಕಣ್ಣಾರೆ ನೋಡಬಹುದೆಂಬುದು ಗಾಜಿನ ಅನುಕೂಲ. ದಪ್ಪ ಗಾಜು ಕಾಯಲು ಹೊತ್ತು ಹಿಡಿಯುತ್ತದೆ, ಕಾದ ಮೇಲೆ ಬಿಸಿ ಬಿಡುವುದೂ ನಿಧಾನ. ಮೊದಲು ಹಿಟ್ಟು ಕಾಯದೆ ಉಳಿದು, ಕೊನೆಗೆ ಹೊರಪದರ ಗಟ್ಟಿಯಾಗುವುದು ಇದರಿಂದಲೇ. ಪಾಕಕ್ರಮದಲ್ಲಿ ಹೇಳಿದ್ದಕ್ಕಿಂತ ಉಷ್ಣತೆಯನ್ನು ಸುಮಾರು 15 ಡಿಗ್ರಿ ಇಳಿಸಿ, ಐದು ಹತ್ತು ನಿಮಿಷ ಹೆಚ್ಚು ಬೇಯಿಸುವುದು ಪರಿಹಾರ. ಓವನ್ನಿನಿಂದ ತೆಗೆದ ಗಾಜಿನ ಪಾತ್ರೆಯನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಡಬಾರದು; ಮಡಚಿದ ಒಣ ಬಟ್ಟೆ ಅಥವಾ ಮರದ ಹಲಗೆ ಬೇಕು. ಪಿಂಗಾಣಿ ಪಾತ್ರೆಗೂ ಇದೇ ನಿಯಮ.

ಸಿಲಿಕೋನ್ ಅಚ್ಚು ಅಂಟುವುದಿಲ್ಲ, ಮಡಚಿಡಬಹುದು, ಕೇಕಿಗೆ ಅನುಕೂಲ. ಬ್ರೆಡ್ಡಿಗೆ ಒಗ್ಗುವುದು ಕಡಿಮೆ. ಅದು ಕಾವನ್ನು ತಡೆಯುವ ವಸ್ತು. ಪಕ್ಕ ಬಿಳಿಯಾಗಿಯೇ ಉಳಿಯುತ್ತದೆ. ಉಬ್ಬುವ ಹಿಟ್ಟಿನ ಒತ್ತಡಕ್ಕೆ ಗೋಡೆ ಹೊರಕ್ಕೆ ಬಾಗಿ ಬ್ರೆಡ್ ಹೊಟ್ಟೆ ಬಿಟ್ಟಂತಾಗುತ್ತದೆ.

ಬಣ್ಣ ಮತ್ತು ದಪ್ಪ

ಒಂದೇ ಲೋಹದ ಎರಡು ಟಿನ್ನುಗಳಲ್ಲಿ ಹೊಳೆಯುವುದು ಒಂದು ರೀತಿ, ಕಪ್ಪಾದದ್ದು ಇನ್ನೊಂದು ರೀತಿ ಬೇಯಿಸುತ್ತದೆ. ಹೊಳೆಯುವ ಮೈ ತನ್ನ ಮೇಲೆ ಬಿದ್ದ ವಿಕಿರಣದ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ; ಕಪ್ಪು ಮೈ ಬಹುಪಾಲನ್ನು ಹೀರುತ್ತದೆ. ಬೇಕರಿಗಳಲ್ಲಿ ವರ್ಷಗಟ್ಟಲೆ ಬಳಸಿ ಕಪ್ಪಾದ ಟಿನ್ನುಗಳು ಹೊಸವಕ್ಕಿಂತ ಚೆನ್ನಾಗಿ ಕೆಂಪು ಬರಿಸುವುದು ಈ ಕಾರಣಕ್ಕೆ. ಹಾಸನ ಸೀಮೆಯಿಂದ ಬಂದ ಕುಟುಂಬಗಳು ಬೆಳೆಸಿದ ಅಯ್ಯಂಗಾರ್ ಬೇಕರಿಗಳ ಹಳೆಯ ಸೌದೆ ಭಟ್ಟಿಗಳಲ್ಲಿ ಇಟ್ಟಿಗೆಯ ನೆಲ, ಗೋಡೆ, ಕಮಾನು ಎಲ್ಲವೂ ಕಾದು ಎಲ್ಲ ದಿಕ್ಕಿನಿಂದ ಸಮನಾಗಿ ಬಿಸಿ ಸೂಸುತ್ತಿದ್ದವು. ಅಂಥಲ್ಲಿ ಕಪ್ಪು ಟಿನ್ ವರ. ಮನೆಯ ಒಟಿಜಿಯಲ್ಲಿ, ಅಂದರೆ ಮೇಜಿನ ಮೇಲಿಡುವ ಪುಟ್ಟ ವಿದ್ಯುತ್ ಓವನ್ನಿನಲ್ಲಿ, ಕಾಯಿಲ್ ಟಿನ್ನಿನ ತಳದಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಕಡುಗಪ್ಪು ಟಿನ್ನಿನ ತಳ ಸೀಯುವ ಅಪಾಯ ಇದೆ. ಪುಟ್ಟ ಒಟಿಜಿಗೆ ತಿಳಿ ಬಣ್ಣದ ಅಥವಾ ಮಂಕು ಬೂದು ಬಣ್ಣದ ಅಲ್ಯೂಮಿನಿಯಂ ಸೂಕ್ತ. ಕಪ್ಪು ಟಿನ್ನೇ ಇದ್ದರೆ ಉಷ್ಣತೆಯನ್ನು 10–15 ಡಿಗ್ರಿ ಇಳಿಸಬೇಕು, ಇಲ್ಲವೇ ಕೆಳಗೆ ಒಂದು ಖಾಲಿ ತಟ್ಟೆಯನ್ನು ಅಡ್ಡ ಇಡಬೇಕು.

ದಪ್ಪವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಟಿನ್ನಿನ ಉದ್ದನೆಯ ಎರಡು ಅಂಚುಗಳನ್ನು ಬೆರಳಿನಿಂದ ಅಮುಕಿದಾಗ ಸುಲಭವಾಗಿ ಬಾಗಿದರೆ ಅದು ಬಿಸಿಗೆ ಸೊಟ್ಟಗಾಗುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯ ಟಿನ್ ಮನೆಗೆ ಸಾಕು. ಅಂಚಿನೊಳಗೆ ತಂತಿ ಸುತ್ತಿದ್ದರೆ ಇನ್ನೂ ಬಿಗಿ. ತಗಡನ್ನು ಮಡಚಿ ಮಾಡಿದ ಟಿನ್ನಿನ ಮೂಲೆ ಚೂಪಾಗಿ ಬ್ರೆಡ್ಡಿಗೆ ಒಳ್ಳೆಯ ಆಕಾರ ಬರುತ್ತದೆ, ಆದರೆ ಮಡಿಕೆಯಲ್ಲಿ ಹಿಟ್ಟು ಸಿಕ್ಕಿಕೊಂಡು ತೊಳೆಯುವುದು ಕಷ್ಟ. ಒಂದೇ ಹಾಳೆಯನ್ನು ಒತ್ತಿ ಮಾಡಿದ್ದರಲ್ಲಿ ಮೂಲೆ ದುಂಡಗೆ, ತೊಳೆಯಲು ಸುಲಭ. ಗೋಡೆಗಳು ಮೇಲಕ್ಕೆ ಹೋದಂತೆ ತುಸು ಅಗಲವಾದರೆ ಬ್ರೆಡ್ ಸಲೀಸಾಗಿ ಹೊರಬರುತ್ತದೆ.

ಅಳತೆ

ಟಿನ್ ಆರಿಸುವಾಗ ಲೋಹಕ್ಕಿಂತ ಹೆಚ್ಚು ತಪ್ಪಾಗುವುದು ಅಳತೆಯಲ್ಲಿ. ವಿದೇಶಿ ಪಾಕಕ್ರಮಗಳಲ್ಲಿ ಎರಡು ಅಳತೆಗಳು ಮತ್ತೆ ಮತ್ತೆ ಬರುತ್ತವೆ: ಎಂಟೂವರೆ ಇಂಚು ಉದ್ದ ನಾಲ್ಕೂವರೆ ಇಂಚು ಅಗಲದ ಟಿನ್, ಒಂಬತ್ತು ಇಂಚು ಉದ್ದ ಐದು ಇಂಚು ಅಗಲದ ಟಿನ್. ಹೇಳುವಾಗ ಅರ್ಧ ಇಂಚಿನ ವ್ಯತ್ಯಾಸ. ನೀರು ತುಂಬಿ ನೋಡಿದರೆ ಮೊದಲನೆಯದು ಹಿಡಿಯುವುದು ಸುಮಾರು 1.4 ಲೀಟರ್, ಎರಡನೆಯದು ಹೆಚ್ಚುಕಡಿಮೆ 1.9 ಲೀಟರ್. ಚಿಕ್ಕದಕ್ಕೆಂದು ಕಲಸಿದ ಹಿಟ್ಟನ್ನು ದೊಡ್ಡದಕ್ಕೆ ಹಾಕಿದರೆ ಬ್ರೆಡ್ ಅಂಚಿನ ಮಟ್ಟಕ್ಕೂ ಏರದೆ ಚಪ್ಪಟೆಯಾಗುತ್ತದೆ. ದೊಡ್ಡದರ ಹಿಟ್ಟನ್ನು ಚಿಕ್ಕದಕ್ಕೆ ಹಾಕಿದರೆ ಅಂಚಿನಿಂದಾಚೆ ಉಕ್ಕಿ ಅಣಬೆಯಾಕಾರ ತಾಳುತ್ತದೆ. ಇಲ್ಲಿನ ಅಂಗಡಿಗಳಲ್ಲಿ ಟಿನ್ನನ್ನು 400 ಗ್ರಾಂ, 800 ಗ್ರಾಂ ಎಂದು ಕರೆದರೂ ಅದು ಕಲಸಿದ ಹಿಟ್ಟಿನ ತೂಕವೋ ಬೆಂದ ಬ್ರೆಡ್ಡಿನ ತೂಕವೋ ಎಂಬುದು ಸ್ಪಷ್ಟವಿರುವುದಿಲ್ಲ. ಬೇಯುವಾಗ ಹಿಟ್ಟು ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ನೀರು ಕಳೆದುಕೊಳ್ಳುವುದರಿಂದ ಇವೆರಡೂ ಒಂದೇ ಅಲ್ಲ.

ನಂಬಬಹುದಾದ ಅಳತೆ ನೀರಿನದು. ಟಿನ್ನನ್ನು ತೂಕದ ಯಂತ್ರದ ಮೇಲಿಟ್ಟು ಸೊನ್ನೆಗೆ ತಂದು ಅಂಚಿನವರೆಗೆ ನೀರು ತುಂಬಿದರೆ, ಎಷ್ಟು ಗ್ರಾಂ ಬಂತೋ ಅಷ್ಟು ಮಿಲಿಲೀಟರ್ ಅದರ ಗಾತ್ರ. ಮಡಚಿದ ಟಿನ್ ಸೋರಿದರೆ ಒಳಗೆ ಪ್ಲಾಸ್ಟಿಕ್ ಚೀಲ ಹಾಸಿಕೊಳ್ಳಬಹುದು. ಮೈದಾದ ಸಾದಾ ಬ್ರೆಡ್ಡಿಗೆ, ಮೇಲ್ಭಾಗ ಗುಮ್ಮಟದಂತೆ ಏಳಬೇಕಾದರೆ, ಒಂದು ಲೀಟರ್ ಟಿನ್ನಿಗೆ ಸುಮಾರು 430–450 ಗ್ರಾಂ ಕಲಸಿದ ಹಿಟ್ಟು ಬೇಕು. 250 ಗ್ರಾಂ ಮೈದಾ, 160 ಗ್ರಾಂ ನೀರು, 15 ಗ್ರಾಂ ಎಣ್ಣೆ, ಉಪ್ಪು, ಸಕ್ಕರೆ, ಯೀಸ್ಟ್ ಸೇರಿದರೆ ಅಷ್ಟಾಗುತ್ತದೆ. ಈ ಲೆಕ್ಕದಲ್ಲಿ 1.4 ಲೀಟರ್ ಟಿನ್ನಿಗೆ 600 ಗ್ರಾಂ ಚಿಲ್ಲರೆ, 1.9 ಲೀಟರ್ ಟಿನ್ನಿಗೆ 800 ಗ್ರಾಂ ಚಿಲ್ಲರೆ. ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ ಅಷ್ಟು ಉಬ್ಬುವುದಿಲ್ಲ. ಅದಕ್ಕೆ ಲೀಟರಿಗೆ 500 ಗ್ರಾಂವರೆಗೆ ಹಾಕಬಹುದು. ತೂಗಲು ಆಗದಿದ್ದರೆ ಕಣ್ಣಳತೆ ಹೀಗೆ: ಸುರುಳಿ ಸುತ್ತಿ ಇಟ್ಟ ಹಿಟ್ಟು ಟಿನ್ನಿನ ಅರ್ಧಕ್ಕಿಂತ ಕಡಿಮೆ ಇರಬಾರದು, ಮೂರರಲ್ಲಿ ಎರಡು ಪಾಲು ಮೀರಬಾರದು.

ಅಗಲವೂ ಲೆಕ್ಕಕ್ಕೆ ಬರುತ್ತದೆ. ಒಂದೇ ಗಾತ್ರದ ಎರಡು ಟಿನ್ನುಗಳಲ್ಲಿ ಕಿರಿದೂ ಎತ್ತರವೂ ಆದದ್ದು ಗೋಧಿ ಹಿಟ್ಟಿಗೆ ಹೆಚ್ಚು ಆಸರೆ; ನಡುಭಾಗ ಗೋಡೆಗೆ ಹತ್ತಿರವಿರುವುದರಿಂದ ಬೇಗ ಬೇಯುತ್ತದೆ. ಅಗಲದ ಟಿನ್ನಿನ ನಡುಭಾಗ ಬೇಯುವ ಹೊತ್ತಿಗೆ ಅಂಚು ಒಣಗಿರುತ್ತದೆ.

ಮುಚ್ಚಳದ ಟಿನ್

ಎಲ್ಲ ಕಡೆಯೂ ಚೌಕವಾದ, ಸ್ಯಾಂಡ್‌ವಿಚ್‌ಗೆ ಹೇಳಿ ಮಾಡಿಸಿದ ಬ್ರೆಡ್ ಬೇಕಾದರೆ ಜಾರುವ ಮುಚ್ಚಳದ ಟಿನ್ ಬೇಕು. ಅಮೆರಿಕದಲ್ಲಿ ಇದಕ್ಕೆ ಪುಲ್ಮನ್ ಟಿನ್ ಎಂಬ ಹೆಸರು ಬಂದದ್ದು ಪುಲ್ಮನ್ ರೈಲು ಬೋಗಿಗಳ ಇಕ್ಕಟ್ಟಾದ ಅಡುಗೆಮನೆಯಿಂದ. ಚೌಕ ಬ್ರೆಡ್ಡುಗಳನ್ನು ಒಂದರ ಮೇಲೊಂದು ಪೇರಿಸಿಡುವುದು ಅಲ್ಲಿ ಅನುಕೂಲವಾಗಿತ್ತು. ಫ್ರಾನ್ಸಿನ ಪ್ಯಾನ್ ದ ಮೀ, ಜಪಾನಿನ ಶೋಕುಪಾನ್ ಬೇಯುವುದೂ ಇಂಥ ಟಿನ್ನುಗಳಲ್ಲೇ. ದೊಡ್ಡದು 13 ಇಂಚು ಉದ್ದ, 4 ಇಂಚು ಅಗಲ, 4 ಇಂಚು ಎತ್ತರ; ಮನೆಗೆ 9 ಇಂಚಿನದು ಸಾಕು.

ಮುಚ್ಚಳದೊಳಗೆ ಹಿಟ್ಟಿಗೆ ಏರಲು ಮಿತಿ ಇರುವುದರಿಂದ ಪ್ರಮಾಣ ಕಡಿಮೆ ಮಾಡಬೇಕು: ಲೀಟರಿಗೆ ಸುಮಾರು 300 ಗ್ರಾಂ. ಹೆಚ್ಚಾದರೆ ಬ್ರೆಡ್ಡಿನ ಒಡಲು ಬಿಗಿದು ರಬ್ಬರಿನಂತಾಗುತ್ತದೆ, ಇಲ್ಲವೇ ಹಿಟ್ಟು ಸಂದಿಯಿಂದ ಹೊರಬಂದು ಮುಚ್ಚಳ ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಮೇಲಿನ ಮೂಲೆಗಳು ದುಂಡಗೆ ಉಳಿಯುತ್ತವೆ. ಹಿಟ್ಟು ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಕೆಳಗಿರುವಾಗಲೇ ಮುಚ್ಚಳ ಹಾಕಿ ಓವನ್ನಿಗೆ ಇಡಬೇಕು. ಮುಚ್ಚಳದ ಒಳಮೈಗೂ ಜಿಡ್ಡು ಸವರುವುದನ್ನು ಮರೆಯಬಾರದು. ಒಳಗಿನ ಹಬೆ ಬೇಗ ಹೊರಹೋಗದ ಕಾರಣ ಹೊರಪದರ ತೆಳುವಾಗಿ ಮೆತ್ತಗಿರುತ್ತದೆ. ಮುಚ್ಚಳ ತೆಗೆದು ಇದೇ ಟಿನ್ನಿನಲ್ಲಿ ಗುಮ್ಮಟದ ಬ್ರೆಡ್ಡನ್ನೂ ಮಾಡಬಹುದು.

ಟಿನ್ ಬೇಡದ ಬ್ರೆಡ್

ಗುಂಡು ಬ್ರೆಡ್ಡಿಗೆ ಆಸರೆಗಿಂತ ಹಬೆ ಮುಖ್ಯ. ಬೇಯುವ ಮೊದಲ ಹದಿನೈದು ಇಪ್ಪತ್ತು ನಿಮಿಷ ಮೇಲ್ಮೈ ಒದ್ದೆಯಾಗಿದ್ದರೆ ಅದು ಬಿಗಿದುಕೊಳ್ಳದೆ ಹಿಗ್ಗುತ್ತದೆ. ಮೇಲಿನ ಪಿಷ್ಟ ಅಂಟಾಗಿ, ಆಮೇಲೆ ಒಣಗಿ, ಹೊಳಪಿನ ಗರಿಗರಿ ಪದರವಾಗುತ್ತದೆ. ದೊಡ್ಡ ಬೇಕರಿ ಓವನ್ನುಗಳಲ್ಲಿ ಹಬೆ ಹಾಯಿಸುವ ಏರ್ಪಾಡು ಇರುತ್ತದೆ. ಮನೆಯಲ್ಲಿ ಆ ಕೆಲಸ ಮಾಡುವುದು ಬಿಗಿ ಮುಚ್ಚಳದ ದಪ್ಪ ಪಾತ್ರೆ, ಅಂದರೆ ಡಚ್ ಓವನ್. ಹಿಟ್ಟಿನಿಂದ ಹೊರಟ ಹಬೆಯನ್ನೇ ಅದು ಹಿಡಿದಿಡುತ್ತದೆ. 2006ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಮಾರ್ಕ್ ಬಿಟ್‌ಮನ್ ಅವರು ನ್ಯೂಯಾರ್ಕಿನ ಬೇಕರ್ ಜಿಮ್ ಲಾಹೆ ಅವರ ನಾದದೆ ಮಾಡುವ ಬ್ರೆಡ್ಡಿನ ಬಗ್ಗೆ ಬರೆದ ಮೇಲೆ ಈ ವಿಧಾನ ಲೋಕಪ್ರಿಯವಾಯಿತು. ಸುಮಾರು 230 ಡಿಗ್ರಿಗೆ ಕಾದ ಪಾತ್ರೆಯೊಳಗೆ ಹಿಟ್ಟು ಇಳಿಸಿ, ಅರ್ಧ ಗಂಟೆ ಮುಚ್ಚಿ, ಆಮೇಲೆ ಮುಚ್ಚಳ ತೆಗೆದು ಕೆಂಪಾಗುವವರೆಗೆ ಬೇಯಿಸುವುದು ಅದರ ಕ್ರಮ.

500 ಗ್ರಾಂ ಮೈದಾದ ಬ್ರೆಡ್ಡಿಗೆ ನಾಲ್ಕೈದು ಲೀಟರಿನ ಪಾತ್ರೆ ಬೇಕು. ಪುಟ್ಟ ಒಟಿಜಿಯಲ್ಲಿ ಅದು ಹಿಡಿಸುವುದಿಲ್ಲ. ಕೊಳ್ಳುವ ಮೊದಲು ಓವನ್ನಿನ ಒಳ ಎತ್ತರ ಅಳೆದು, ಅರ್ಧ ಪ್ರಮಾಣದ ಹಿಟ್ಟಿಗೆ ಎರಡೂವರೆ ಮೂರು ಲೀಟರಿನದನ್ನು ನೋಡುವುದು ಜಾಣತನ. ಬೀಡು ಕಬ್ಬಿಣದ ಮುಚ್ಚಳವಿರುವ ಪಾತ್ರೆಯೂ ಆಗುತ್ತದೆ. ಮುಚ್ಚಳದ ಹಿಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಬಿಚ್ಚಿ ಲೋಹದ್ದನ್ನು ಹಾಕಬೇಕು. ದಪ್ಪ ಪಾತ್ರೆ ಇಲ್ಲದವರು ತಟ್ಟೆಯ ಮೇಲೆ ಹಿಟ್ಟಿಟ್ಟು ಅದರ ಮೇಲೆ ಸ್ಟೀಲ್ ಪಾತ್ರೆಯೊಂದನ್ನು ಬೋರಲು ಹಾಕಿದರೂ ಹಬೆ ನಿಲ್ಲುತ್ತದೆ. ಹಬೆಗಾಗಿ ಒಟಿಜಿಯೊಳಗೆ ನೀರು ಎರಚುವುದು ಅಪಾಯಕರ: ತೆರೆದ ಕಾಯಿಲ್ ಹಾಳಾಗಬಹುದು, ಬಾಗಿಲಿನ ಗಾಜು ಸೀಳಬಹುದು.

ಗುಂಡು ಬ್ರೆಡ್ಡಿನ ಹಿಟ್ಟು ಉಬ್ಬಲು ವಿಶೇಷ ಬುಟ್ಟಿ ಕೊಳ್ಳಲೇಬೇಕೆಂದಿಲ್ಲ. ಸ್ಟೀಲಿನ ತೂತಿನ ಪಾತ್ರೆಗೆ ಹತ್ತಿ ಬಟ್ಟೆ ಹಾಸಿ ಅಕ್ಕಿ ಹಿಟ್ಟು ಉದುರಿಸಿದರೆ ಸಾಕು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಬಟ್ಟೆಗೆ ಹಿಟ್ಟು ಕಚ್ಚುವುದಿಲ್ಲ.

ಪಾವ್, ಬನ್ನುಗಳಿಗೆ ಬೇಕಾದದ್ದು ಎರಡು ಇಂಚು ಎತ್ತರದ ಅಂಚಿನ ಚೌಕ ಟ್ರೇ. ಉಂಡೆಗಳ ನಡುವೆ ಬೆರಳಿನಷ್ಟು ಜಾಗ ಬಿಟ್ಟು ಜೋಡಿಸಿದರೆ ಉಬ್ಬಿದಾಗ ಒಂದಕ್ಕೊಂದು ತಾಗಿ, ಪಕ್ಕಕ್ಕೆ ಹೋಗದೆ ಮೇಲಕ್ಕೆ ಏರುತ್ತವೆ. ಪಕ್ಕಗಳು ಮೆತ್ತಗೆ ಉಳಿಯುತ್ತವೆ.

ಓವನ್ನಿನೊಳಗೆ

ಟಿನ್ನಿನ ಸುತ್ತ ಬಿಸಿ ಗಾಳಿ ಓಡಾಡಬೇಕು. ಓವನ್ನಿನ ಗೋಡೆಗಳಿಂದ ಎರಡು ಮೂರು ಬೆರಳು, ಎರಡು ಟಿನ್ ಇದ್ದರೆ ಅವುಗಳ ನಡುವೆಯೂ ಅಷ್ಟೇ ಅಂತರ ಬೇಕು. ಒಟಿಜಿಯಲ್ಲಿ ಟಿನ್ನನ್ನು ಕೆಳಗಿನ ಸಾಲಿನ ತಂತಿ ಜಾಲರಿಯ ಮೇಲೆ ಇಡಬೇಕು. ಹಿಟ್ಟು ಓವನ್ನಿನಲ್ಲಿ ಇನ್ನೂ ಎರಡು ಮೂರು ಸೆಂಟಿಮೀಟರ್ ಏರುವುದರಿಂದ ನಡುವಿನ ಸಾಲಿನಲ್ಲಿಟ್ಟರೆ ಮೇಲ್ಭಾಗ ಕಾಯಿಲ್‌ಗೆ ಹತ್ತಿರವಾಗಿ ಸೀಯುತ್ತದೆ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಫಾಯಿಲನ್ನು ಸಡಿಲವಾಗಿ ಹೊದಿಸಿದರಾಯಿತು. ಕನ್ವೆಕ್ಷನ್ ಇರುವ ಮೈಕ್ರೋವೇವಿನಲ್ಲಿ ಲೋಹದ ಟಿನ್ನನ್ನು ಕನ್ವೆಕ್ಷನ್ ಕ್ರಮದಲ್ಲಿ ಮಾತ್ರ, ಅದೂ ತಯಾರಕರ ಸೂಚನೆ ನೋಡಿಕೊಂಡು ಬಳಸಬೇಕು. ಫ್ಯಾನ್ ಓಡುವ ಓವನ್ನಿನಲ್ಲಿ ಉಷ್ಣತೆಯನ್ನು 15–20 ಡಿಗ್ರಿ ಇಳಿಸುವುದು ರೂಢಿ. ಪುಟ್ಟ ಓವನ್ನುಗಳ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ನಿಜ ಉಷ್ಣತೆಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಎರಡನೆಯ ಟಿನ್ನಿಗಿಂತ ಮೊದಲು ಕೊಳ್ಳಬೇಕಾದ ವಸ್ತು.

ಜಿಡ್ಡು ಮತ್ತು ಕಾಗದ

ಟಿನ್ನಿಗೆ ತೆಳುವಾಗಿ, ಮೂಲೆ ಬಿಡದೆ ಜಿಡ್ಡು ಸವರಬೇಕು. ಬರಿ ಎಣ್ಣೆ ಗೋಡೆಯಿಂದ ಜಾರಿ ತಳ ಸೇರಿ ಅಲ್ಲಿ ಹಿಟ್ಟನ್ನು ಕರಿದಂತೆ ಮಾಡುತ್ತದೆ. ತುಪ್ಪ, ವನಸ್ಪತಿಯಂಥ ಗಟ್ಟಿ ಜಿಡ್ಡು ಗೋಡೆಗೆ ಹಿಡಿದು ನಿಲ್ಲುತ್ತದೆ. ಬೆಣ್ಣೆಯಲ್ಲಿ ಶೇ 16ರಷ್ಟು ನೀರೂ ಹಾಲಿನ ಅಂಶವೂ ಇರುವುದರಿಂದ ಬ್ರೆಡ್ ಅಲ್ಲಲ್ಲಿ ಕಚ್ಚಿಕೊಳ್ಳಬಹುದು. ಅದಕ್ಕಿಂತ ತುಪ್ಪ ಮೇಲು. ಎಣ್ಣೆ, ವನಸ್ಪತಿ, ಮೈದಾ ಮೂರನ್ನೂ ಸಮ ಪ್ರಮಾಣದಲ್ಲಿ ಕಲಸಿ ಡಬ್ಬಿಯಲ್ಲಿ ಇಟ್ಟುಕೊಂಡರೆ ಕೆಲವು ವಾರ ಬರುತ್ತದೆ, ಎಂಥ ಟಿನ್ನಿನಿಂದಲೂ ಬ್ರೆಡ್ ಬಿಡಿಸುತ್ತದೆ.

ಅಂಗಡಿಗಳಲ್ಲಿ ಬಟರ್ ಪೇಪರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಗದ ಸಿಗುತ್ತವೆ. ಓವನ್ನಿಗೆ ಬೇಕಾದದ್ದು ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್. ಅದರ ಪೊಟ್ಟಣದ ಮೇಲೆ ಎಷ್ಟು ಡಿಗ್ರಿಯವರೆಗೆ ಬಳಸಬಹುದೆಂದು ಬರೆದಿರುತ್ತದೆ, ಸಾಮಾನ್ಯವಾಗಿ 220ರ ಆಸುಪಾಸು. ಮೇಣದ ಲೇಪದ ಕಾಗದ ತಿಂಡಿ ಸುತ್ತಲು ಸರಿ. ಓವನ್ನಿನಲ್ಲಿ ಮೇಣ ಕರಗಿ ಹೊಗೆಯಾಡುತ್ತದೆ. ಟಿನ್ನಿನ ಉದ್ದಕ್ಕೆ ಸರಿಯಾದ ಒಂದೇ ಪಟ್ಟಿಯನ್ನು ಎರಡು ಪಕ್ಕಗಳಿಗೆ ನೇತುಬೀಳುವಂತೆ ಹಾಸಿದರೆ ಅದನ್ನೇ ಹಿಡಿದು ಬ್ರೆಡ್ ಎತ್ತಬಹುದು. ಕಾಗದದ ತುದಿ ಕಾಯಿಲ್‌ಗೆ ತಾಗಬಾರದು.

ತುಂಬುವುದರಿಂದ ಆರಿಸುವವರೆಗೆ

ಸುರುಳಿಯ ಸೇರಿಕೆ ಕೆಳಮುಖವಾಗಿರುವಂತೆ ಹಿಟ್ಟನ್ನು ಇಡಬೇಕು; ಇಲ್ಲವಾದರೆ ಬೇಯುವಾಗ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಸುರುಳಿಯ ಉದ್ದ ಟಿನ್ನಿನ ಉದ್ದಕ್ಕೆ ಸಮ ಇರಲಿ. ಒದ್ದೆ ಬಟ್ಟೆ ಮುಚ್ಚಿ, ನಡುಭಾಗ ಅಂಚಿನಿಂದ ಎರಡು ಸೆಂಟಿಮೀಟರ್ ಮೇಲೇಳುವವರೆಗೆ ಕಾಯಬೇಕು. ಗೋಧಿ ಹಿಟ್ಟಿನದು ಅಂಚಿನ ಮಟ್ಟ ದಾಟಿದೊಡನೆ ಓವನ್ನಿಗೆ ಹೋಗಬೇಕು. ಹೆಚ್ಚು ಕಾದರೆ ದುರ್ಬಲ ಬಲೆ ಹರಿದು ಕುಸಿಯುತ್ತದೆ. ಬೆಂಗಳೂರು, ಮೈಸೂರಿನ ಚಳಿಗಾಲದಲ್ಲಿ ಇದಕ್ಕೆ ಹಿಡಿಯುವ ಸಮಯಕ್ಕೂ ಮಂಗಳೂರು, ರಾಯಚೂರಿನ ಬೇಸಿಗೆಯಲ್ಲಿ ಹಿಡಿಯುವ ಸಮಯಕ್ಕೂ ಬಹಳ ಅಂತರ. ಗಡಿಯಾರಕ್ಕಿಂತ ಟಿನ್ನಿನ ಅಂಚೇ ಸರಿಯಾದ ಗುರುತು.

ಬೆಂದಿತೇ ಎಂದು ತಿಳಿಯಲು ಬ್ರೆಡ್ಡನ್ನು ಟಿನ್ನಿನಿಂದ ಹೊರತೆಗೆದು ತಳ ತಟ್ಟಬಹುದು. ಟೊಳ್ಳು ಸದ್ದು ಬರಬೇಕು. ಥರ್ಮಾಮೀಟರ್ ಚುಚ್ಚಿದರೆ ಹಾಲು, ಬೆಣ್ಣೆ ಹಾಕಿದ್ದಕ್ಕೆ ನಡುವೆ 90 ಡಿಗ್ರಿ, ಬರಿ ನೀರಿನದಕ್ಕೆ 95 ಡಿಗ್ರಿ ಮೇಲೆ ತೋರಬೇಕು. ಪಕ್ಕ ಬಿಳಿಯಾಗಿದ್ದರೆ ಟಿನ್ ಇಲ್ಲದೆಯೇ ಜಾಲರಿಯ ಮೇಲೆ ಐದು ನಿಮಿಷ ಮತ್ತೆ ಓವನ್ನಿಗೆ ಇಡಬಹುದು.

ಓವನ್ನಿನಿಂದ ಹೊರಬಂದ ಬ್ರೆಡ್ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಟಿನ್ನಿನಲ್ಲಿ ಇರಬಾರದು. ಹೊರಹೋಗಲು ದಾರಿಯಿಲ್ಲದ ಹಬೆ ಗೋಡೆಗೆ ತಾಗಿ ನೀರಾಗಿ ಪಕ್ಕಗಳನ್ನು ನೆನೆಸುತ್ತದೆ. ನೆನೆದ ಪಕ್ಕ ಕುಸಿಯುತ್ತದೆ. ಜಪಾನಿನ ಬೇಕರಿಗಳಲ್ಲಿ ಮುಚ್ಚಳದ ಟಿನ್ನನ್ನು ಓವನ್ನಿನಿಂದ ತೆಗೆದೊಡನೆ ಮೇಜಿನ ಮೇಲೆ ಒಮ್ಮೆ ಕುಕ್ಕುತ್ತಾರೆ. ಆ ಹೊಡೆತಕ್ಕೆ ಒಳಗಿನ ಬಿಸಿ ಹಬೆ ಹೊರಬಿದ್ದು ಗಾಳಿ ಒಳಸೇರಿ, ಬ್ರೆಡ್ ಆರುವಾಗ ಸೊಂಟ ಕುಸಿಯುವುದು ತಪ್ಪುತ್ತದೆ. ಗಾಜಿಗೆ ಮಾತ್ರ ಈ ಪ್ರಯೋಗ ಸಲ್ಲದು. ಆಮೇಲೆ ಕೆಳಗೂ ಗಾಳಿಯಾಡುವ ಜಾಲರಿಯ ಮೇಲೆ ಒಂದೂವರೆ ಎರಡು ಗಂಟೆ ಆರಬೇಕು. ಬಿಸಿಯಲ್ಲೇ ಕತ್ತರಿಸಿದರೆ ಚಾಕುವಿಗೆ ಹಿಟ್ಟು ಅಂಟುತ್ತದೆ, ಹೋಳು ಹಿಂಡಿದಂತಾಗುತ್ತದೆ.

ತೊಳೆಯುವುದು, ಕಾಪಾಡುವುದು

ಅಲ್ಯೂಮಿನಿಯಂ ಟಿನ್ನನ್ನು ಡಿಷ್‌ವಾಶರಿಗೆ ಹಾಕಿದರೆ ಅದರ ಕ್ಷಾರದ ಪುಡಿಗೆ ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಸೌಮ್ಯ ಸಾಬೂನು, ಮೆತ್ತನೆ ಸ್ಪಂಜು ಸಾಕು. ಕಾರ್ಬನ್ ಸ್ಟೀಲನ್ನು ಒರೆಸುವುದೇ ಹೆಚ್ಚಿನ ಸಲ ಸಾಕಾಗುತ್ತದೆ. ತೊಳೆಯಲೇಬೇಕಾದರೆ ಬಿಸಿ ನೀರು ಬಳಸಿ, ಆರುತ್ತಿರುವ ಓವನ್ನಿನಲ್ಲಿ ಒಣಗಿಸಿ, ಎಣ್ಣೆಯ ಕೈ ಸವರಿ ಇಡಬೇಕು. ನಾನ್‌ಸ್ಟಿಕ್ಕಿಗೆ ತಂತಿ ಬ್ರಷ್, ಚಾಕು, ಎಣ್ಣೆ ಸ್ಪ್ರೇ ಮೂರೂ ಬೇಡ. ಸ್ಪ್ರೇಯಲ್ಲಿರುವ ಲೆಸಿಥಿನ್ ಕಾದು ಅಂಟುಪದರವಾಗಿ ಕೂರುತ್ತದೆ. ಮಡಿಕೆಯ ಮೂಲೆಗೆ ಹಳೆಯ ಟೂತ್‌ಬ್ರಷ್ ಒಳ್ಳೆಯ ಸಾಧನ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ತಗಡಿನ ಟಿನ್ನುಗಳನ್ನು ಒಂದರೊಳಗೊಂದು ಇಡುವಾಗ ನಡುವೆ ಒಣ ಕಾಗದ ಹಾಕಿದರೆ ತುಕ್ಕು ತಡವಾಗುತ್ತದೆ.

ಮೊದಲ ಖರೀದಿಗೆ ಒಂದು ಲೀಟರಿನ ಆಸುಪಾಸಿನ, ಒಂದು ಮಿಲಿಮೀಟರ್ ದಪ್ಪದ, ಲೇಪವಿಲ್ಲದ ಅಲ್ಯೂಮಿನಿಯಂ ಟಿನ್ ಸಾಕು. ಅದು ಪುಟ್ಟ ಒಟಿಜಿಗೂ ಹಿಡಿಸುತ್ತದೆ, ಮೈದಾಕ್ಕೂ ಗೋಧಿ ಹಿಟ್ಟಿಗೂ ಒಗ್ಗುತ್ತದೆ. ಅದರೊಂದಿಗೆ ತೂಕದ ಯಂತ್ರ, ಓವನ್ ಥರ್ಮಾಮೀಟರ್, ಆರಿಸುವ ಜಾಲರಿ ಇದ್ದರೆ ವಾರದ ಬ್ರೆಡ್ಡಿಗೆ ಬೇಕಾದ ಸಲಕರಣೆ ಮುಗಿಯಿತು. ಮುಚ್ಚಳದ ಟಿನ್ ಸ್ಯಾಂಡ್‌ವಿಚ್ ಬ್ರೆಡ್ ಬೇಕೆನಿಸಿದಾಗ, ಡಚ್ ಓವನ್ ಗುಂಡು ಬ್ರೆಡ್ಡಿಗೆ ಕೈ ಹಾಕಿದಾಗ ಕೊಂಡರಾಯಿತು.